ತಲೆಟಾರ್ಚಿನ ಲಿಥಿಯಂ ಸೆಲ್‌ಗೆ ಸೀಸದ ಬ್ಯಾಟರಿಯ ಚಾರ್ಜರ್ ಬೇಡ

ಸಂಪಾದಕರಿಗೆ,

ಮಾನ್ಯರೆ,

ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಿತ್ತೆಂದರೆ ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆ ತೋಟಕ್ಕೆ, ಈರುಳ್ಳಿ ಹೊಲಕ್ಕೆ ನೀರು ಹಾಯಿಸಲು ಹೊರಡುವವರ ತಲೆ ಮೇಲೊಂದು ಟಾರ್ಚು ಇದ್ದೇ ಇರುತ್ತದೆ. ಹಾವು, ಚೇಳು, ಕಾಲುವೆಯ ಅಂಚು ಎಲ್ಲವೂ ಅದರ ಬೆಳಕಿನಲ್ಲೇ ಕಾಣಬೇಕು. ಮೊದಲು ಈ ಟಾರ್ಚಿನೊಳಗೆ 4 ವೋಲ್ಟಿನ ಸೀಸದ ಬ್ಯಾಟರಿ ಇರುತ್ತಿತ್ತು. ಈಗ ಹೆಚ್ಚಿನವುಗಳಲ್ಲಿ ಲಿಥಿಯಂ ಅಯಾನ್ ಸೆಲ್ ಬಂದಿದೆ. ಒಳಗಿನ ಮಾಲು ಬದಲಾದರೂ ಚಾರ್ಜಿಗೆ ಹಾಕುವ ರೂಢಿ ಬದಲಾಗಿಲ್ಲ: ಊಟವಾದ ಮೇಲೆ ಹಾಸಿಗೆ ಪಕ್ಕದ ಸ್ವಿಚ್‌ಬೋರ್ಡಿಗೆ ಸಿಕ್ಕಿಸಿ ಮಲಗುವುದು, ಬೆಳಗಾದ ಮೇಲೆ ಕೀಳುವುದು. ಈ ರೂಢಿಯ ಅಪಾಯವೇನೆಂದು ಓದುಗರಿಗೆ ವಿವರವಾಗಿ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಈ ಸೆಲ್‌ಗೆ 18650 ಎಂದು ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿನ ಆಕಾರಕ್ಕೆ. ಪವರ್‌ಬ್ಯಾಂಕು, ಹಳೆ ಲ್ಯಾಪ್‌ಟಾಪಿನ ಬ್ಯಾಟರಿ, ನಮ್ಮ ದೇಶದಲ್ಲಿ 2019ರಲ್ಲೇ ನಿಷೇಧವಾದ ಇ-ಸಿಗರೇಟಿನ ದೊಡ್ಡ ಸಾಧನಗಳು, ಎಲ್ಲದರಲ್ಲೂ ಇದೇ ಅಳತೆಯ ಸೆಲ್ ಬಳಕೆಯಲ್ಲಿದೆ. ಮೈಮೇಲೆ 3.7 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ತುಂಬಿದಾಗ 4.2, ಬರಿದಾದಾಗ ಸುಮಾರು 3. ಇದರ ಬದುಕೆಲ್ಲ ಈ ಎರಡು ಅಂಕಿಗಳ ನಡುವೆಯೇ ನಡೆಯಬೇಕು.

ಸೀಸದ ಬ್ಯಾಟರಿಗೆ ಚಾರ್ಜು ಹೆಚ್ಚಾದರೆ ಒಳಗಿನ ನೀರು ಆರಿ ಹೊಟ್ಟೆ ಉಬ್ಬಿ ಬ್ಯಾಟರಿ ಹಾಳಾಗುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಲಿಥಿಯಂ ಸೆಲ್ ಹಾಗಲ್ಲ. 4.2 ವೋಲ್ಟ್ ದಾಟಿಸುತ್ತಾ ಹೋದರೆ ಮೈನಸ್ ಪದರದ ಮೇಲೆ ಲಿಥಿಯಂ ಲೋಹ ಕೂರುತ್ತದೆ, ಪ್ಲಸ್ ಪದರ ಅಸ್ಥಿರವಾಗುತ್ತದೆ. ಕಾವು ಏರಿ, ಎರಡೂ ಪದರಗಳ ನಡುವಿನ ತೆಳು ಪ್ಲಾಸ್ಟಿಕ್ ಹಾಳೆ ಕರಗಿದರೆ ಸೆಲ್ ಒಳಗೊಳಗೇ ಶಾರ್ಟ್ ಆಗುತ್ತದೆ. ಒಳಗಿರುವ ದ್ರಾವಣ ಬೇಗ ಹೊತ್ತಿಕೊಳ್ಳುವಂಥದ್ದು. ಕಾದ ಪ್ಲಸ್ ಪದರ ತಾನೇ ಆಮ್ಲಜನಕ ಬಿಡುವುದರಿಂದ ಹೊರಗಿನ ಗಾಳಿ ತಡೆದ ಮಾತ್ರಕ್ಕೆ ಈ ಉರಿ ನಿಲ್ಲದು.

ನಮ್ಮ ಭಾಗದಲ್ಲಿ ನಡೆಯುವ ದೊಡ್ಡ ತಪ್ಪು ರಿಪೇರಿ ಟೇಬಲ್ಲಿನ ಮೇಲೆಯೇ ಆಗುತ್ತದೆ. ಸೀಸದ ಬ್ಯಾಟರಿ ಸತ್ತ ಟಾರ್ಚನ್ನು ತಂದುಕೊಟ್ಟರೆ ಅದೇ ಗೂಡಿನಲ್ಲಿ ಒಂದು 18650 ಕೂರಿಸಿ, ಎರಡು ವೈರು ಬೆಸೆದು ಕೊಟ್ಟುಬಿಡುತ್ತಾರೆ. ಟಾರ್ಚು ಹಗುರವಾಗುತ್ತದೆ, ಬೆಳಕೂ ಚೆನ್ನಾಗಿ ಬರುತ್ತದೆ, ಗಿರಾಕಿಗೆ ಖುಷಿ. ಆದರೆ ಆ ಟಾರ್ಚಿನ ಚಾರ್ಜಿಂಗ್ ಭಾಗ ಬಿಚ್ಚಿ ನೋಡಿದರೆ ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಒಂದೆರಡು ರೆಸಿಸ್ಟರ್, ಒಂದು ಕೆಂಪು ದೀಪ ಬಿಟ್ಟರೆ ಬೇರೇನೂ ಇರುವುದಿಲ್ಲ. 4 ವೋಲ್ಟಿನ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ 4.8 ವೋಲ್ಟಿನವರೆಗೆ ಏರುವುದು ಸಹಜ. ಆದ್ದರಿಂದ 4.2ಕ್ಕೆ ನಿಲ್ಲಿಸುವ ಏರ್ಪಾಡು ಅಲ್ಲಿ ಬೇಕೇ ಇರಲಿಲ್ಲ. ಒಳಗೆ ಹೋಗುವ ಕರೆಂಟು ಕಡಿಮೆ ಇರುವುದರಿಂದ ಮೊದಲ ವಾರ ಏನೂ ಆಗದಿರಬಹುದು. ತುಂಬಿದ ಸೆಲ್‌ಗೆ ರಾತ್ರಿಯಿಡೀ, ದಿನವೂ ಹೀಗೆ ತುರುಕುತ್ತಾ ಹೋದರೆ ಒಂದು ದಿನ ಅದು ಹೊಗೆ, ಬೆಂಕಿ ಉಗುಳಬಹುದು. ಇಂಥ ಬೋರ್ಡಿಗೆ 230 ವೋಲ್ಟಿನ ಲೈನಿನಿಂದ ಪ್ರತ್ಯೇಕತೆಯೂ ಇಲ್ಲ. ಪಿನ್ ಸಿಕ್ಕಿಸಿರುವಾಗ ಒಳಗಿನ ಲೋಹ ಮುಟ್ಟಿದರೆ ಶಾಕ್ ಖಚಿತ.

ಪತ್ತೆ ಮಾಡುವುದು ಸುಲಭ. ಎಷ್ಟು ಹೊತ್ತು ಚಾರ್ಜಿಗಿಟ್ಟರೂ ಕೆಂಪು ದೀಪ ಹಸಿರೋ ನೀಲಿಯೋ ಆಗದೆ, ಆರದೆ ಉರಿಯುತ್ತಲೇ ಇದ್ದು, ಒಳಗೆ ಲಿಥಿಯಂ ಸೆಲ್ ಇದ್ದರೆ ಅದನ್ನು ಇನ್ನೊಮ್ಮೆ ಪ್ಲಗ್ಗಿಗೆ ಹಾಕಬೇಡಿ.

ಸರಿಪಡಿಸಲು ದುಬಾರಿ ಸಾಮಾನೇನೂ ಬೇಡ. ಟಿಪಿ4056 ಎಂಬ ಪುಟ್ಟ ಚಾರ್ಜಿಂಗ್ ಬೋರ್ಡು ಎಲ್ಲ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಎರಡು ಬಗೆ. ಬಿ ಪ್ಲಸ್, ಬಿ ಮೈನಸ್ ಜೊತೆಗೆ ಔಟ್ ಪ್ಲಸ್, ಔಟ್ ಮೈನಸ್ ಎಂದೂ ಬರೆದಿರುವುದನ್ನೇ ಕೇಳಿ ತರಬೇಕು, ರಕ್ಷಣೆಯ ಚಿಪ್ ಇರುವುದು ಅದರಲ್ಲೇ. ಹಳೆ ಚಾರ್ಜಿಂಗ್ ಬೋರ್ಡು ಮತ್ತು ಗೋಡೆಗೆ ಸಿಕ್ಕಿಸುವ ಪಿನ್ನನ್ನು ಪೂರ್ತಿ ಕಿತ್ತು ಹಾಕಿ. ಸೆಲ್ಲನ್ನು ಬಿ ಗುರುತಿಗೂ ಟಾರ್ಚಿನ ಸ್ವಿಚ್ಚಿನಿಂದ ಬರುವ ವೈರನ್ನು ಔಟ್ ಗುರುತಿಗೂ ಬೆಸೆಯಿರಿ. ಇನ್ನು ಮೇಲೆ ಚಾರ್ಜಿಗೆ ಸಾಧಾರಣ 5 ವೋಲ್ಟಿನ ಮೊಬೈಲ್ ಚಾರ್ಜರ್ ಸಾಕು. ಬೋರ್ಡು 4.2ಕ್ಕೆ ನಿಲ್ಲಿಸುತ್ತದೆ, ತೀರಾ ಬರಿದಾದಾಗ ಲೈಟಿಗೆ ಕರೆಂಟು ಕೊಡುವುದನ್ನೂ ಬಿಡುತ್ತದೆ. ಈ ಬೋರ್ಡು ಬರುವಾಗ 1 ಆಂಪಿಯರ್ ಕೊಡುವಂತೆ ಇರುತ್ತದೆ. 2600 ಎಂಎಎಚ್‌ನ (ಸೆಲ್ ಎಷ್ಟು ಚಾರ್ಜು ಹಿಡಿಯುತ್ತದೆ ಎಂಬುದರ ಅಳತೆ) ಒಳ್ಳೆಯ ಸೆಲ್‌ಗೆ ಅದು ಸರಿ, ಮೂರು ತಾಸು ಚಿಲ್ಲರೆ ಹಿಡಿಯುತ್ತದೆ. 1200ರ ಸೆಲ್‌ಗೆ ಅದು ಹೆಚ್ಚಾಯಿತು. ಬೋರ್ಡಿನ ಮೇಲಿನ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 2 ಕಿಲೋ ಓಮ್ ಹಾಕಿದರೆ ಸುಮಾರು 580 ಮಿಲಿಆಂಪಿಯರಿಗೆ ಇಳಿಯುತ್ತದೆ. ಸೆಲ್‌ನ ತುದಿಗೆ ಮಾತ್ರ ಕಾದ ಸೋಲ್ಡರಿಂಗ್ ಕಡ್ಡಿಯನ್ನು ನೇರವಾಗಿ ಒತ್ತಬಾರದು. ನಿಕ್ಕಲ್ ಪಟ್ಟಿ ಮೊದಲೇ ವೆಲ್ಡ್ ಆಗಿರುವ ಸೆಲ್ ತನ್ನಿ, ಇಲ್ಲವೇ ಸ್ಪ್ರಿಂಗ್ ಇರುವ ಸೆಲ್ ಗೂಡು ಹಾಕಿ.

ಸೆಲ್ ಕೊಳ್ಳುವಾಗ ಮೈಮೇಲಿನ ದೊಡ್ಡ ಅಂಕಿಗೆ ಮರುಳಾಗಬಾರದು. 18650ರ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಅಸಲಿ ಸೆಲ್‌ಗಳು ಹೆಚ್ಚಾಗಿ 3600 ಎಂಎಎಚ್‌ನ ಒಳಗೇ ಇರುತ್ತವೆ. 5000, 9900 ಎಂದು ಬರೆದಿದ್ದರೆ ಅದು ಸುಳ್ಳು. ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟು ನೋಡಿ: 2600ರ ಮೇಲಿನ ಅಸಲಿ ಸೆಲ್ 44ರಿಂದ 49 ಗ್ರಾಂ ತೂಗುತ್ತದೆ. ಮೂವತ್ತು ಗ್ರಾಂ ಆಸುಪಾಸು ಬಂದರೆ ಒಳಗೆ ಇರಬೇಕಾದ್ದು ಇಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯೇ ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದೆಂದು ತೋರಿಸುತ್ತದೆ. ಗುಜರಿಯಿಂದ ಬರುವ ಸೆಲ್ ಬಿಟ್ಟುಬಿಡುವುದೇ ಕ್ಷೇಮ.

ಸೆಲ್‌ನ ಮೈಗಿರುವ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಬರಿ ಅಂದಕ್ಕಲ್ಲ. ಪ್ಲಸ್ ಇರುವುದು ನೆತ್ತಿಯ ಪುಟ್ಟ ಬಟನ್ನಿನಲ್ಲಿ ಮಾತ್ರ. ಉಳಿದ ಉಕ್ಕಿನ ಡಬ್ಬಿಯೆಲ್ಲ, ಆ ಬಟನ್ನಿನ ಸುತ್ತಲಿನ ಅಂಚು ಕೂಡ ಮೈನಸ್. ನಡುವೆ ಇರುವುದು ಒಂದೆರಡು ಮಿಲಿಮೀಟರ್. ಟಾರ್ಚಿನೊಳಗೆ ಹಾಕಿ ತೆಗೆದು ನೆತ್ತಿಯ ಹತ್ತಿರ ಹೊದಿಕೆ ಹರಿದಿದ್ದರೆ, ಅಲ್ಲಿನ ಬಿಳಿ ಬಿಲ್ಲೆ ಕಳಚಿದ್ದರೆ, ಗೂಡಿನ ತಗಡು ಎರಡಕ್ಕೂ ತಾಗಿ ಶಾರ್ಟ್ ಆಗುತ್ತದೆ. ಹೊದಿಕೆಯಷ್ಟೇ ಹರಿದಿದ್ದರೆ ಬಿಲ್ಲೆ ಕೂರಿಸಿ, ಹೊಸ ಪಿವಿಸಿ ಸ್ಲೀವ್ ತೊಡಿಸಿ, ಹೇರ್ ಡ್ರೈಯರಿನ ಬಿಸಿಗಾಳಿಯಲ್ಲಿ ಕುಗ್ಗಿಸಬಹುದು. ಬೆಂಕಿಕಡ್ಡಿ ಗೀರಿ ಕುಗ್ಗಿಸುವುದು ಬೇಡವೇ ಬೇಡ. ಡಬ್ಬಿ ತಗ್ಗಾಗಿದ್ದರೆ ಯಾವ ಹೊದಿಕೆಯಿಂದಲೂ ಅದು ಸರಿಯಾಗದು. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಅಂಗಿ ಜೇಬಿನಲ್ಲಿ ಹಾಕಿಕೊಂಡು ಮೋಟರ್ ಮನೆಗೆ ಹೋಗುವವರಿದ್ದಾರೆ. ಕೀಲಿಯೊಂದು ಅಡ್ಡ ಬಿದ್ದರೂ ಸಾಕು, ಮೈ ಸುಡುತ್ತದೆ.

ಎಷ್ಟೋ ಮಂದಿಗೆ ಸತ್ತ ಸೆಲ್ ಎಬ್ಬಿಸುವ ಹುರುಪು. ಮಳೆಗಾಲವೆಲ್ಲ ಮೂಲೆಯಲ್ಲಿದ್ದು ಪೂರ್ತಿ ಇಳಿದ ಸೆಲ್‌ಗೆ ಇನ್ನೊಂದು ಬ್ಯಾಟರಿಯಿಂದ ವೈರು ತಾಗಿಸಿ ಮೇಲೆಬ್ಬಿಸುತ್ತಾರೆ. 2 ವೋಲ್ಟಿಗಿಂತ ಕೆಳಗೆ ದಿನಗಟ್ಟಲೆ ಇದ್ದ ಸೆಲ್‌ನಲ್ಲಿ ತಾಮ್ರದ ಹಾಳೆ ದ್ರಾವಣದಲ್ಲಿ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಪದರಗಳನ್ನು ಚುಚ್ಚಬಹುದು. ಮಲ್ಟಿಮೀಟರನ್ನು ಡಿಸಿ 20ಕ್ಕೆ ಇಟ್ಟು ಅಳೆದು, 2ಕ್ಕಿಂತ ಕಡಿಮೆ ತೋರಿಸಿದರೆ ಆ ಸೆಲ್ಲನ್ನು ಅಲ್ಲಿಗೇ ಕೈಬಿಡಿ. ಎರಡು ಸೆಲ್ ಹಾಕುವ ಟಾರ್ಚಾದರೆ ಹಳತು ಹೊಸತು ಬೆರಸದೆ ಎರಡನ್ನೂ ಒಟ್ಟಿಗೆ ಬದಲಿಸಿ. ಕೆಲವು ಸೋಲಾರ್ ದೀಪಗಳಲ್ಲಿ 3.2 ವೋಲ್ಟ್ ಎಂದು ಬರೆದ ಲಿಥಿಯಂ ಫಾಸ್ಫೇಟ್ ಸೆಲ್ ಇರುತ್ತದೆ. ಅದರ ಮಿತಿ 3.65, ಮೇಲೆ ಹೇಳಿದ ಬೋರ್ಡು ಅದಕ್ಕೆ ಹೊಂದುವುದಿಲ್ಲ.

ಚಾರ್ಜು ಮಾಡುವ ಜಾಗ ಹಾಸಿಗೆ, ಮೇವಿನ ಬಣವೆ, ಗೋಣಿಚೀಲ, ಪೆಟ್ರೋಲ್ ಕ್ಯಾನುಗಳಿಂದ ದೂರ, ಬರಿ ನೆಲ ಅಥವಾ ಕಡಪ ಕಲ್ಲಿನ ಮೇಲಿರಲಿ. 45 ಡಿಗ್ರಿ ಮೇಲೆ ಇವನ್ನು ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ಚಳ್ಳಕೆರೆ, ಹಿರಿಯೂರಿನ ಶೀಟು ಹೊದಿಸಿದ ಮೋಟರ್ ಮನೆಯೊಳಗೆ ಅಷ್ಟು ಕಾವು ಹೊಸದಲ್ಲ. ಕೈಗೆ ಹಿಡಿಯಲಾಗದಷ್ಟು ಬಿಸಿಯಾದರೆ, ಸಿಹಿ ಮಿಶ್ರಿತ ಸ್ಪಿರಿಟ್ಟಿನಂಥ ವಾಸನೆ ಬಂದರೆ, ಬುಸ್ ಎಂಬ ಸದ್ದು ಕೇಳಿದರೆ ಮೊದಲು ಗೋಡೆಯ ಸ್ವಿಚ್ ಆರಿಸಿ ಎಲ್ಲರನ್ನೂ ಹೊರಗೆ ಕಳಿಸಿ. ಕರೆಂಟು ಕಡಿದ ಮೇಲೆ ನೀರನ್ನೇ ಧಾರಾಳವಾಗಿ ಸುರಿಯಬೇಕು. ಮರಳು ಹಾಕಿದರೆ ಉರಿ ಮುಚ್ಚಿದಂತೆ ಕಾಣುತ್ತದೆ, ಕಾವು ಹಾಗೇ ಉಳಿದು ಮತ್ತೆ ಹೊತ್ತುತ್ತದೆ. ಹೊಗೆಯಲ್ಲಿ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಇರುವುದರಿಂದ ಉಸಿರಾಡುತ್ತಾ ನಿಲ್ಲಬಾರದು. ಕೈಮೀರಿದರೆ 112ಕ್ಕೆ ಕರೆ ಮಾಡಿ.

ಇನ್ನು ಕೆಟ್ಟ ಸೆಲ್‌ಗಳ ಮಾತು. ಅವು ಈಗ ತಿಪ್ಪೆಗೋ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿಗೋ ಹೋಗುತ್ತಿವೆ. ಒಣಕಸ ಬೇರ್ಪಡಿಸುವ ಹೆಣ್ಣುಮಕ್ಕಳ ಕೈಯಲ್ಲಿ, ಕಸ ಒತ್ತುವ ಯಂತ್ರದಲ್ಲಿ ಅವು ಹೊತ್ತಿಕೊಳ್ಳಬಹುದು. ಬ್ಯಾಟರಿಗಳನ್ನು ಬೇರೆ ಕಸದಲ್ಲಿ ಬೆರೆಸಬಾರದೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹೇಳುತ್ತವೆ. ಮನೆಯವರು ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ ಬೇರೆಯಾಗಿ ಕೊಡಲಿ. ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಪಂಚಾಯಿತಿಗಳು ಪ್ರತಿ ಸ್ವಚ್ಛ ವಾಹಿನಿಯಲ್ಲಿ ಒಣ ಮರಳು ತುಂಬಿದ, ಮುಚ್ಚಳವಿರುವ ಒಂದು ತಗಡಿನ ಡಬ್ಬಿ ಇಡಿಸಬೇಕು. ಇಲ್ಲಿ ಮರಳಿನ ಕೆಲಸ ಬೆಂಕಿ ಆರಿಸುವುದಲ್ಲ, ಸೆಲ್‌ಗಳು ಒಂದಕ್ಕೊಂದು ತಾಗದಂತೆ ತಡೆಯುವುದು. ತಾಲ್ಲೂಕು ಕೇಂದ್ರದಲ್ಲಿ ಅವನ್ನು ಒಟ್ಟುಮಾಡಿ ನೋಂದಾಯಿತ ಮರುಬಳಕೆದಾರರಿಗೆ ಕಳಿಸುವ ವ್ಯವಸ್ಥೆ ಈ ಬೇಸಿಗೆಯೊಳಗೆ ಆಗಬೇಕೆಂದು ಕೋರುತ್ತೇವೆ.

ಇಂತಿ,
ಟಾರ್ಚ್ ಮತ್ತು ಬ್ಯಾಟರಿ ರಿಪೇರಿ ಕೆಲಸಗಾರರು,
ದಾವಣಗೆರೆ