ಗುಳೆ ಹೋದವರನ್ನು ಎಲ್ಲಿ ಎಣಿಸುತ್ತೀರಿ? ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ನಮಸ್ಕಾರಗಳು. ಈ ಬಾರಿಯ ಜನಗಣತಿಗೆ 2027ರ ಮಾರ್ಚ್ 1ರ ನಡುರಾತ್ರಿಯನ್ನು ಲೆಕ್ಕದ ಗಳಿಗೆಯಾಗಿ ಕೇಂದ್ರ ಸರ್ಕಾರ ಗೊತ್ತುಮಾಡಿದೆ. ಮನೆ ಮನೆಗೆ ಹೋಗಿ ತಲೆ ಎಣಿಸುವ ಕೆಲಸ ಅದರ ಹಿಂದಿನ ಫೆಬ್ರುವರಿಯಲ್ಲಿ ನಡೆಯುತ್ತದೆ. ಉಳಿದ ಜಿಲ್ಲೆಗಳಿಗೆ ಈ ದಿನಾಂಕ ಹೊಂದುತ್ತದೆಯೋ ಏನೋ, ನಮ್ಮ ಜಿಲ್ಲೆಯಲ್ಲಿ ಜನ ಗುಳೆ ಹೋಗಿ, ಅಂದರೆ ದುಡಿಮೆಗಾಗಿ ಊರು ಬಿಟ್ಟು, ಅರ್ಧ ಓಣಿಗಳಲ್ಲಿ ಬಾಗಿಲಿಗೆ ಬೀಗ ಬೀಳುವ ತಿಂಗಳು ಅದು. ಈ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕೈಯಲ್ಲಿರುವ ಲೆಕ್ಕ 2011ರದು. ಆಗ ಜಿಲ್ಲೆಗೆ ಇನ್ನೂ ಹೊಸ ಬಣ್ಣ, ಕಲಬುರಗಿಯಿಂದ ಬೇರ್ಪಟ್ಟು ವರ್ಷವಷ್ಟೇ ಆಗಿತ್ತು. ಜನಸಂಖ್ಯೆ 11,74,271. ಹತ್ತು ವರ್ಷದಲ್ಲಿ ಶೇ. 22ಕ್ಕೂ ಹೆಚ್ಚು ಏರಿಕೆಯಾಗಿ, ಬೆಳವಣಿಗೆಯಲ್ಲಿ ರಾಜ್ಯಕ್ಕೆ ಎರಡನೆಯವರಾದೆವು. ಮುಂದಿದ್ದದ್ದು ಬೆಂಗಳೂರು ನಗರ ಜಿಲ್ಲೆ ಮಾತ್ರ. ಬೆಂಗಳೂರು ಬೆಳೆದದ್ದು ಹೊರಗಿನಿಂದ ಜನ ಬಂದದ್ದರಿಂದ, ಯಾದಗಿರಿ ಬೆಳೆದದ್ದು ತೊಟ್ಟಿಲುಗಳಿಂದ ಎಂಬ ವ್ಯತ್ಯಾಸವನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತರಲ್ಲಿ ಎಂಟು ಜನ ಹಳ್ಳಿಯವರು, ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಪರಿಶಿಷ್ಟ ಜಾತಿ ಮತ್ತು ಪಂಗಡದವರು. ಸಾಕ್ಷರತೆ ಶೇ. 51.83, ಹೆಂಗಸರಲ್ಲಿ ಶೇ. 41ರ ಆಸುಪಾಸು, ಇಡೀ ರಾಜ್ಯದ ಪ್ರಮಾಣ ಆಗಲೇ ಶೇ. 75 ದಾಟಿತ್ತು. ರಾಜ್ಯದ ಆರ್ಥಿಕ ಸಮೀಕ್ಷೆಯ ತಲಾ ಆದಾಯದ ಪಟ್ಟಿಯಲ್ಲಿ ನಮ್ಮ ಹೆಸರು ಹುಡುಕುವವರು ಕೆಳಗಿನಿಂದ ಓದಲು ಶುರುಮಾಡುವುದು ವಾಡಿಕೆಯಾಗಿದೆ.

ಅದೇ ಗಣತಿಯಲ್ಲಿ ಸಾವಿರ ಗಂಡಸರಿಗೆ ನಮ್ಮಲ್ಲಿ 989 ಹೆಂಗಸರಿದ್ದರು. ರಾಜ್ಯದ ಸರಾಸರಿ 973. ಸಭೆಗಳಲ್ಲಿ ಇದನ್ನು ಹೆಮ್ಮೆಯಿಂದ ಓದಿದ್ದನ್ನು ಕೇಳಿದ್ದೇನೆ. ಹೆಮ್ಮೆಪಡುವ ಮೊದಲು, ಫೆಬ್ರುವರಿಯಲ್ಲಿ ಊರಿನಲ್ಲಿ ಎಷ್ಟು ಗಂಡಸರಿದ್ದರು ಎಂದು ಯಾರಾದರೂ ಕೇಳಬೇಕಿತ್ತು.

ನಾನು ಆ ವರ್ಷ ಗುರುಮಠಕಲ್ ಕಡೆಯ ಒಂದು ತಾಂಡಾ ಮತ್ತು ಅದರ ಪಕ್ಕದ ಹಳ್ಳಿಯಲ್ಲಿ ಗಣತಿದಾರನಾಗಿದ್ದೆ. ಫೆಬ್ರುವರಿ 9ರಿಂದ 28ರವರೆಗೆ ಎಣಿಕೆ. ಶಾಲೆ ಬಿಟ್ಟ ಮೇಲೆ ಕೈಚೀಲದಲ್ಲಿ ನಮೂನೆಗಳನ್ನು ಹಾಕಿಕೊಂಡು ಹೊರಟರೆ ಒಂದೇ ಸಾಲಿನಲ್ಲಿ ನಾಲ್ಕು ಬೀಗ, ಐದನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮತ್ತು ಮೂರು ಮಕ್ಕಳು. ಮಕ್ಕಳಲ್ಲಿ ಇಬ್ಬರು ಅವಳ ಮೊಮ್ಮಕ್ಕಳು, ಒಂದು ಬೀಗ ಹಾಕಿದ ಮನೆಯದು. ಮಗ ಸೊಸೆ ಎಲ್ಲಿ ಎಂದು ಕೇಳಿದೆ. "ದುಡಿಲಾಕ ಬೆಂಗ್ಳೂರಿಗಿ ಹೋಗ್ಯಾರ್ರಿ ಸರ, ಉಗಾದಿಗಿ ಬರ್ತಾರ. ಬರಕೋರಿ, ನಮ್ಮ ಮಂದೀನೇ ಅಲಾ?" ಎಂದಳು. ಬರೆದುಕೊಳ್ಳಲು ಆಗಲಿಲ್ಲ. ಎಣಿಕೆಯ ಇಪ್ಪತ್ತೂ ದಿನ ಊರಲ್ಲಿ ಇಲ್ಲದವರನ್ನು ಅವರು ಇರುವ ಕಡೆಯಲ್ಲೇ ಎಣಿಸಬೇಕೆಂಬುದು ನಿಯಮ, ಅದು ತಪ್ಪು ನಿಯಮವೂ ಅಲ್ಲ. ಆದರೆ ಅವರು ಇರುವ ಕಡೆ ಎಂದರೆ ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಮೇಸ್ತ್ರಿ ಹೇಳಿದಂದು ಅದು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಎದ್ದು ಹೋಗುತ್ತದೆ. ಅಲ್ಲಿಗೆ ಯಾವ ಗಣತಿದಾರ ಹೋದನೋ, ಹೋದಾಗ ಅವರು ಕೆಲಸದ ಮೇಲಿದ್ದರೋ ಶೆಡ್ಡಿನಲ್ಲಿದ್ದರೋ, ಆ ಅಜ್ಜಿಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ.

ಗುಳೆ ಹೋಗುವುದಕ್ಕೂ ನಮ್ಮಲ್ಲಿ ಒಂದು ಪಂಚಾಂಗವಿದೆ. ತೊಗರಿ ರಾಶಿ ಮುಗಿಯಬೇಕು, ಹತ್ತಿಯ ಕೊನೆಯ ಬಿಡಿಸುವಿಕೆ ಆಗಬೇಕು, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಮಾಡಬೇಕು; ಆಮೇಲೆ ಯಾದಗಿರಿ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜೋಳದ ಹಿಟ್ಟಿನ ಚೀಲ, ಒಣಗಿಸಿದ ಕಟಕ ರೊಟ್ಟಿಯ ಗಂಟು, ಬೋಗುಣಿ ತುಂಬಿದ ಗೋಣಿ, ಕಂಕುಳಲ್ಲಿ ಕೂಸು. ಒಂದು ದಿಕ್ಕಿಗೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಪುಣೆ, ಮುಂಬೈ. ಮೇಸ್ತ್ರಿ ಕೊಟ್ಟ ಮುಂಗಡ ಜಾತ್ರೆ, ಔಷಧ, ಹಳೆಯ ಸಾಲಕ್ಕೆ ಆಗಲೇ ಕರಗಿರುತ್ತದೆಯಾದ್ದರಿಂದ ನಡುವೆ ಮರಳಿ ಬರುವ ಮಾತೇ ಇಲ್ಲ. 2027ರಲ್ಲಿ ಯುಗಾದಿ ಏಪ್ರಿಲ್‌ಗೆ ಬರುತ್ತದೆ. ಅಂದರೆ ಮಾರ್ಚ್ 1ರ ರಾತ್ರಿ ನಮ್ಮ ದುಡಿಯುವ ಜನ ಊರಿನಿಂದ ಅತಿ ಹೆಚ್ಚು ದೂರದಲ್ಲಿರುತ್ತಾರೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಕಳೆದ ಹದಿನೈದು ವರ್ಷಗಳೇ ಸಾಕ್ಷಿ. 2013ರ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಮಿತಿ 2011ರ ತಲೆ ಎಣಿಕೆಯ ಮೇಲೆ ನಿಂತಿದೆ. ಉಪಕೇಂದ್ರಕ್ಕೆ 5,000 ಜನ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬ ಮಾನದಂಡವೂ ಅದೇ ಎಣಿಕೆಯನ್ನು ನೋಡುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ಜಿಲ್ಲೆ ಇದು. ಇಂಥಲ್ಲಿ ಅಂಗನವಾಡಿಯ ಮಕ್ಕಳು ನಾಲ್ಕು ತಿಂಗಳು ಶೆಡ್ಡಿನಲ್ಲಿ, ಎಂಟು ತಿಂಗಳು ಊರಿನಲ್ಲಿ ಇದ್ದರೆ ಅವರ ಮೊಟ್ಟೆ, ಹಾಲು, ಲಸಿಕೆಯ ಹೊಣೆ ಯಾವ ಜಿಲ್ಲೆಯದು?

ಜಿಲ್ಲೆಯೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಹುಣಸಗಿ, ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತ ಬಂದಿದೆ, ಆಂಧ್ರದ ಕಡೆಯಿಂದ ಬಂದ ರೈತರ ಕ್ಯಾಂಪ್‌ಗಳು ಎದ್ದಿವೆ, ನಾಟಿಯ ಕಾಲದಲ್ಲಿ ಅಲ್ಲಿಗೇ ಹೊರಗಿನಿಂದ ಕೂಲಿಯಾಳು ಬರುತ್ತಾರೆ. ಕಾಲುವೆಯ ಕೊನೆಯ ಊರುಗಳದು ಮತ್ತು ಮಳೆಯನ್ನೇ ನಂಬಿದ ಯಾದಗಿರಿ, ಗುರುಮಠಕಲ್ ಭಾಗದ್ದು ಬೇರೆಯೇ ಕಥೆ. ಈ ಎರಡನ್ನೂ ಕೂಡಿಸಿ ಭಾಗಿಸಿ ಸರಾಸರಿ ತೆಗೆದರೆ ಬರುವ ಊರು ನಕ್ಷೆಯಲ್ಲಿ ಎಲ್ಲೂ ಇಲ್ಲ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೋಗಿದೆ. ಅಲ್ಲಿನ ದುಡಿಮೆಯಲ್ಲಿ ಸ್ಥಳೀಯರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಇನ್ನೊಂದು ಪತ್ರಕ್ಕೆ ಬಿಡುತ್ತೇನೆ. ಉದ್ಯೋಗ ಖಾತ್ರಿಯ ಕೂಲಿ 2025–26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ನಿಂತರೆ ಬೆಂಗಳೂರಿನಲ್ಲಿ ಅದರ ಎರಡು ಮೂರು ಪಟ್ಟು ಸಿಗುವಾಗ ಅವರನ್ನು ತಡೆಯಿರಿ ಎಂದು ನಾನು ಕೇಳಲಾರೆ. ಗುಳೆ ಹೋಗುವುದು ತಪ್ಪಲ್ಲ. ಹೋದವರು ಲೆಕ್ಕದಿಂದಲೇ ಹೋಗಿಬಿಡುವುದು ತಪ್ಪು.

ಜನಗಣತಿ ಕೇಂದ್ರದ ವಿಷಯ, ದಿನಾಂಕ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಎಂಬುದನ್ನು ಬಲ್ಲೆ. ಆದರೆ ಗಣತಿಗೆ ಹೋಗುವವರು ರಾಜ್ಯದ ಶಿಕ್ಷಕರು ಮತ್ತು ನೌಕರರು, ಜಿಲ್ಲೆಯಲ್ಲಿ ಅದರ ಉಸ್ತುವಾರಿ ಜಿಲ್ಲಾಧಿಕಾರಿಗಳದು. ಹಾಗಾಗಿ ತಮ್ಮ ಕೈಯಲ್ಲಿರುವುದನ್ನೇ ಕೇಳುತ್ತಿದ್ದೇನೆ. ಆರೂ ತಾಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಗುಳೆ ದಾಖಲೆ ಪುಸ್ತಕ ಇಡಿಸಿ. ಯಾರು, ಯಾವ ತಿಂಗಳು, ಯಾವ ಊರಿನ ಯಾವ ಕಡೆಗೆ, ಜೊತೆಯಲ್ಲಿ ಎಷ್ಟು ಮಕ್ಕಳು, ಇಷ್ಟು ಸಾಕು. ಮಲ್ಲಯ್ಯನ ಜಾತ್ರೆಯ ಮೊದಲ ವಾರ ಜನರೆಲ್ಲ ಊರಲ್ಲೇ ಇರುವುದರಿಂದ ಆಗ ಇದನ್ನು ಬರೆಯುವುದು ಸುಲಭ. ಆ ಪಟ್ಟಿ ಫೆಬ್ರುವರಿಗೆ ಮೊದಲು ಬೆಂಗಳೂರಿನ ಗಣತಿ ಅಧಿಕಾರಿಗಳಿಗೆ ತಲುಪಬೇಕು. ಯಾವ ಬಡಾವಣೆಯಲ್ಲಿ ಶೆಡ್ಡುಗಳಿವೆ ಎಂದು ಹುಡುಕಲು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವು ಪಡೆಯಬಹುದು. ಈ ಬಾರಿ ಮೊಬೈಲಿನಲ್ಲಿ ತಾವೇ ವಿವರ ತುಂಬುವ ಅವಕಾಶವಿದೆ ಎಂಬುದನ್ನು ಪರಿಹಾರವೆಂದು ಯಾರೂ ತಮ್ಮ ಮುಂದಿಡದಿರಲಿ. ಹೆಂಗಸರ ಸಾಕ್ಷರತೆಯ ಅಂಕಿಯನ್ನು ಮೇಲೆ ಬರೆದಿದ್ದೇನೆ.

ಇನ್ನೊಂದು ಕೋರಿಕೆ ಚಿಕ್ಕದು. ಪ್ರತಿವರ್ಷ ಹೊರಬರುವ 'ಜಿಲ್ಲಾ ಅಂಕಿ ಅಂಶಗಳ ನೋಟ'ದಲ್ಲಿ ಕುರಿ, ಕೋಳಿ, ಎತ್ತು, ಕೊಳವೆಬಾವಿ ಎಲ್ಲಕ್ಕೂ ಕಾಲಂ ಇದೆ. ನಾನು ನೋಡಿದ ಯಾವ ಸಂಚಿಕೆಯಲ್ಲೂ ಗುಳೆಗೆ ಕಾಲಂ ಇಲ್ಲ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಕೊಡಿಸಿ, ತಾಲೂಕುವಾರು, ತಿಂಗಳವಾರು.

ನಾನು ಎಣಿಸಿದ ಆ ಸಾಲಿನ ನಾಲ್ಕು ಬೀಗಗಳಲ್ಲಿ ಒಂದು ಈಗ ವರ್ಷವಿಡೀ ಬಿದ್ದಿರುತ್ತದೆ. ಉಳಿದ ಮೂರು ಮನೆಯವರು ಯುಗಾದಿಗೆ ಬರುತ್ತಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಗುರುಮಠಕಲ್ ತಾಲೂಕು