ಹದಿಮೂರನೇ ರೌಂಡು

ಪ್ರಿಯ ಗೆಳೆಯಾ,

"ಹಳೇ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ನರನ್ನ ಈಗಿನವರ ಎದುರು ನಿಲ್ಲಿಸಿದರೆ ಮೂರು ರೌಂಡೂ ಬಾಳಲ್ಲ" ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದು ಇನ್ನೂ ತಲೆ ಕೊರೆಯುತ್ತಿದೆ. ಆಗ ಸಿಟ್ಟಿನಲ್ಲಿ ಏನೇನೋ ಕೂಗಾಡಿಬಿಟ್ಟೆ. ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ. ಅರ್ಧ ನೀನು ಹೇಳಿದ್ದು ಸರಿ. ಇನ್ನರ್ಧಕ್ಕೆ ಜಗಳ ಬಿಡೋದಿಲ್ಲ.

ಈ ಜಗಳ ನಮ್ಮಿಬ್ಬರದೇ ಅಂದುಕೊಳ್ಳಬೇಡ. 1967ರಲ್ಲಿ ಅಮೆರಿಕದ ಒಬ್ಬ ರೇಡಿಯೊ ನಿರ್ಮಾಪಕ ಹಳಬರು ಹೊಸಬರ ವಿವರಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಅದು ಕೊಟ್ಟ ಫಲಿತಾಂಶಕ್ಕೆ ಕಾಮೆಂಟರಿ ಸೇರಿಸಿ ಪ್ರಸಾರ ಮಾಡಿದ. ಅದರಲ್ಲಿ ಮುಹಮ್ಮದ್ ಅಲಿ, ಹಳೇ ಕಾಲದ ಚಾಂಪಿಯನ್ ಜಿಮ್ ಜೆಫ್ರೀಸ್ ಎದುರು ಸೋತ. ಅಲಿ ಸುಮ್ನಿರುವ ಆಸಾಮಿಯಾ? ಹತ್ತು ಲಕ್ಷ ಡಾಲರಿಗೆ ಕೇಸು ಜಡಿದ. ಕೊನೆಗೆ ರಾಜಿಯಾಗಿ, 1969ರಲ್ಲಿ ಅಲಿ ಮತ್ತು ಮಾಜಿ ಚಾಂಪಿಯನ್ ರಾಕಿ ಮಾರ್ಸಿಯಾನೊ ಕ್ಯಾಮೆರಾ ಮುಂದೆ ಗುದ್ದಾಡುವ ನಾಟಕ ಆಡಿದರು. ಮಾರ್ಸಿಯಾನೊ ನಿವೃತ್ತನಾಗಿ 13 ವರ್ಷ ಆಗಿತ್ತು. ಮೈ ಇಳಿಸಿಕೊಂಡು, ಬೋಳು ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಗೆದ್ದವನು ಯಾರು ಅಂತ ಕಂಪ್ಯೂಟರೇ ಹೇಳಬೇಕಿತ್ತು, ಹಾಗಾಗಿ ಬೇರೆ ಬೇರೆ ಅಂತ್ಯಗಳನ್ನು ತೆಗೆದಿಟ್ಟುಕೊಂಡರು. 1970ರ ಜನವರಿಯಲ್ಲಿ ಅದು ತೆರೆಗೆ ಬಂತು. ಅಷ್ಟರಲ್ಲಿ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಅಮೆರಿಕದ ಜನ ನೋಡಿದ್ದು 13ನೇ ರೌಂಡಿನಲ್ಲಿ ಮಾರ್ಸಿಯಾನೊ ಅಲಿಯನ್ನು ನಾಕೌಟ್ ಮಾಡಿದ್ದನ್ನು. ಯುರೋಪಿನಲ್ಲಿ ತೋರಿಸಿದ ಅಂತ್ಯದಲ್ಲಿ ಗೆದ್ದವನು ಅಲಿ! ಕಂಪ್ಯೂಟರಿಗೂ ಪ್ರೇಕ್ಷಕರ ಮುಖ ನೋಡಿ ಮಾತಾಡುವುದು ಗೊತ್ತಿತ್ತು ಅನ್ನಿಸುತ್ತೆ.

ಮಾರ್ಸಿಯಾನೊ ವಿಷಯದಲ್ಲಿ ನಾನು ಮೊದಲೇ ಕೈ ಎತ್ತುತ್ತೇನೆ. 49 ಪಂದ್ಯ, 49 ಗೆಲುವು, 43 ನಾಕೌಟ್, ಎಲ್ಲ ನಿಜ. ಆದರೆ ಎತ್ತರ 5 ಅಡಿ 10 ಇಂಚು, ತೂಕ ಸುಮಾರು 84 ಕಿಲೊ. ಈಗ 90.7 ಕಿಲೊ ತನಕ ಹೆವಿವೇಟಿಗಿಂತ ಕೆಳಗಿನ ವರ್ಗ, ಕ್ರೂಸರ್‌ವೇಟ್. ಅಂದರೆ ಇವತ್ತು ಅವನು ಹೆವಿವೇಟೇ ಅಲ್ಲ. ಈ ಕಾಲದ ಚಾಂಪಿಯನ್, ಬ್ರಿಟನ್ನಿನ ಟೈಸನ್ ಫ್ಯೂರಿ 6 ಅಡಿ 9 ಇಂಚು. 2020ರಲ್ಲಿ ಅಮೆರಿಕದ ಚಾಂಪಿಯನ್ ಡಿಯಾಂಟೇ ವೈಲ್ಡರ್‌ನನ್ನು ಬಗ್ಗುಬಡಿದಾಗ ಸುಮಾರು 124 ಕಿಲೊ ಇದ್ದ. ನಲವತ್ತು ಕಿಲೊ ವ್ಯತ್ಯಾಸ, ಮಾರಾಯ! ಫ್ಯೂರಿ ಗುದ್ದುವುದೇ ಬೇಡ. ಕ್ಲಿಂಚ್‌ನಲ್ಲಿ, ಅಂದರೆ ತಬ್ಬಿ ಹಿಡಿದಾಗ, ಕತ್ತಿನ ಮೇಲೆ ಒರಗಿಕೊಂಡು ನಿಂತರೆ ಸಾಕು, ಆರನೇ ರೌಂಡಿನ ಹೊತ್ತಿಗೆ ಮಾರ್ಸಿಯಾನೊನ ಕಾಲು ಸೋತಿರುತ್ತೆ.

1919ರಲ್ಲಿ 85 ಕಿಲೊದ ಜಾಕ್ ಡೆಂಪ್ಸಿ, ಆರೂವರೆ ಅಡಿಯ ಚಾಂಪಿಯನ್ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ್ದನ್ನು ಆವತ್ತು ಫೋನಿನಲ್ಲಿ ಎತ್ತಿದ್ದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ವಿಲ್ಲರ್ಡ್‌ಗೆ ಆಗ 37 ವರ್ಷ. ಮೂರು ವರ್ಷದಿಂದ ಪಟ್ಟಕ್ಕಾಗಿ ಆಡಿರಲಿಲ್ಲ. ಅವನು ಏಳುವ ಹೊತ್ತಿಗೆ ಡೆಂಪ್ಸಿ ಪಕ್ಕದಲ್ಲೇ ನಿಂತು ಕಾಯುತ್ತಿದ್ದ. ಈಗ ರೆಫರಿ ಮೂಲೆಗೆ ಅಟ್ಟುತ್ತಾನೆ.

ನನ್ನ ನಿಜವಾದ ಸಾಕ್ಷಿ ಜಾರ್ಜ್ ಫೋರ್‌ಮನ್. 1973ರಲ್ಲಿ ಜೋ ಫ್ರೇಜಿಯರ್‌ನನ್ನು ಎರಡು ರೌಂಡಿನಲ್ಲಿ ಆರು ಸಲ ಕೆಡವಿ ಚಾಂಪಿಯನ್ ಆದವನು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿಗೆ ಸೋತ. 1977ರಲ್ಲಿ ಆಟ ಬಿಟ್ಟು ಪಾದ್ರಿಯಾದ. ಹತ್ತು ವರ್ಷ ಗ್ಲೌಸ್ ಮುಟ್ಟದೆ ಇದ್ದು ವಾಪಸ್ ಬಂದ, ಹೊಟ್ಟೆ ಬಂದಿತ್ತು, ಜನ ನಕ್ಕರು. 1991ರಲ್ಲಿ 42ನೇ ವಯಸ್ಸಿಗೆ ಇವ್ಯಾಂಡರ್ ಹೋಲಿಫೀಲ್ಡ್ ಎದುರು 12 ರೌಂಡ್ ಪೂರ್ತಿ ನಿಂತು ಅಂಕದಲ್ಲಿ ಸೋತ. 1994ರಲ್ಲಿ, 45ನೇ ವಯಸ್ಸಿನಲ್ಲಿ, 26ರ ಚಾಂಪಿಯನ್ ಮೈಕಲ್ ಮೂರರ್ ಎದುರು ಒಂಬತ್ತು ರೌಂಡ್ ಹೊಡೆಸಿಕೊಂಡು, ಹತ್ತನೆಯದರಲ್ಲಿ ಒಂದು ಬಲಗೈ ಬಿಟ್ಟ. ಮೂರರ್ ಮಲಗಿದ. ಇಪ್ಪತ್ತು ವರ್ಷ ಹಿಂದೆ ಕಳೆದುಕೊಂಡ ಪಟ್ಟ ಮತ್ತೆ ಸಿಕ್ಕಿತು. ಹುಲಿಗೆ ವಯಸ್ಸಾದರೂ ಪಂಜ ಮೊಂಡಾಗಿರಲಿಲ್ಲ. ಕಾಲವೇ ಬಾಕ್ಸರನ್ನು ಹಳಬನಾಗಿಸುವುದಾದರೆ ಇದು ಹೇಗೆ ಸಾಧ್ಯ, ಹೇಳು?

ಅದು ತೊಂಬತ್ತರ ದಶಕ, ಈಗಿನದಲ್ಲ ಅನ್ನುತ್ತೀಯ. ಸರಿ, ಲ್ಯಾರಿ ಹೋಮ್ಸ್‌ನನ್ನು ಹಿಡಿದು ಬಾ. 1992ರಲ್ಲಿ 42 ವರ್ಷದ ಹೋಮ್ಸ್, ಅಲ್ಲಿಯವರೆಗೆ ಸೋಲೇ ಕಾಣದ ಒಲಿಂಪಿಕ್ ಚಿನ್ನದ ರೇ ಮರ್ಸರ್‌ನನ್ನು ಎಡಗೈಯ ಚುರುಕು ನೇರ ಗುದ್ದಾದ ಜಾಬ್‌ನಲ್ಲೇ ಪಾಠ ಹೇಳಿ ಸೋಲಿಸಿದ. ಅದೇ ಮರ್ಸರ್ 2002ರಲ್ಲಿ, ತಾನೂ ನಲವತ್ತು ದಾಟಿ, ವ್ಲಾಡಿಮಿರ್ ಕ್ಲಿಚ್ಕೊಗೆ ಸೋತ. ಕ್ಲಿಚ್ಕೊ 2015ರಲ್ಲಿ ಫ್ಯೂರಿಗೆ ಸೋತ. ಅಲಿಯ ಹಳೇ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಜೊತೆಗಾರ ಹೋಮ್ಸ್‌ನಿಂದ ಫ್ಯೂರಿಗೆ ಎರಡೇ ಕೊಂಡಿ. ಇದರಿಂದ ಯಾರು ಯಾರನ್ನು ಗೆಲ್ಲುತ್ತಾರೆ ಅಂತ ತಿಳಿಯಲ್ಲ, ಒಪ್ಪಿದೆ. ಆದರೆ ಆ ಕಾಲ ನೀನು ಹೇಳುವಷ್ಟು ದೂರವೇನೂ ಇಲ್ಲ.

ಇನ್ನು ಗಾತ್ರ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಫ್ಯೂರಿ ಸುಮಾರು 119 ಕಿಲೊ, ಉಕ್ರೇನಿನ ಓಲೆಕ್ಸಾಂಡರ್ ಉಸಿಕ್ 101. ಗೆದ್ದವನು ಉಸಿಕ್. ಡಿಸೆಂಬರಿನಲ್ಲಿ ಮತ್ತೊಮ್ಮೆ ಗೆದ್ದ. ಉಸಿಕ್‌ನ ಎತ್ತರ 6 ಅಡಿ 3 ಇಂಚು. ಅಲಿಯದೂ ಅಷ್ಟೇ. ಕಿನ್ಶಾಸಾದಲ್ಲಿ ಅಲಿಯ ತೂಕ ಸುಮಾರು 98 ಕಿಲೊ. ಮೂರು ಕಿಲೊ ವ್ಯತ್ಯಾಸಕ್ಕೆ ಅಲಿಯನ್ನು "ಚಿಕ್ಕವನು" ಅಂತ ತಳ್ಳಿಹಾಕುತ್ತೀಯಾ? ನನಗೆ ಭಯ ಇರುವುದು ಅಲಿಯ ದುರಭ್ಯಾಸದ ಬಗ್ಗೆ. ಕೈ ಕೆಳಗೆ ಬಿಟ್ಟು, ಗುದ್ದು ಬಂದಾಗ ನೇರ ಹಿಂದಕ್ಕೆ ವಾಲುತ್ತಿದ್ದ. ಫ್ಯೂರಿಯ ಉದ್ದನೆ ತೋಳಿನ ಮುಂದೆ ಆ ಆಟ ನಡೆಯೋದು ಕಷ್ಟ.

ಆದರೆ ನಾವಿಬ್ಬರೂ ಮರೆತದ್ದು ಒಂದಿದೆ, ರೌಂಡಿನ ಲೆಕ್ಕ. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ಪಂದ್ಯದ ಪೆಟ್ಟಿನಿಂದ ಸತ್ತ. ಆಮೇಲೆ ಪಟ್ಟದ ಪಂದ್ಯಗಳು 15ರಿಂದ 12 ರೌಂಡಿಗೆ ಇಳಿದವು. ಒಳ್ಳೆಯದೇ ಆಯಿತು. ಆದರೆ ಹಳಬರ ಕಥೆ ನೋಡು. 1941ರಲ್ಲಿ ಜೋ ಲೂಯಿಸ್, ಬಿಲ್ಲಿ ಕಾನ್‌ನನ್ನು ಕೆಡವಿದ್ದು 13ನೇ ರೌಂಡಿನಲ್ಲಿ. 1952ರಲ್ಲಿ ಮಾರ್ಸಿಯಾನೊ ಅಂಕದಲ್ಲಿ ಹಿಂದೆ ಬಿದ್ದು, ವಾಲ್ಕಾಟ್‌ನನ್ನು ಮಲಗಿಸಿ ಪಟ್ಟ ಗೆದ್ದದ್ದೂ 13ರಲ್ಲೇ. ಈಗಿನ ನಿಯಮದಲ್ಲಿ ಆವತ್ತು ಅವನು ಸೋತು ಮನೆಗೆ ಹೋಗುತ್ತಿದ್ದ!

ಹಾಗಾಗಿ ನನ್ನ ತೀರ್ಪು ಹೀಗೆ. ಮಾರ್ಸಿಯಾನೊ, ಡೆಂಪ್ಸಿ ನಿನಗೆ ಬಿಟ್ಟೆ. ಲೂಯಿಸ್ ಈಗಿನವರಲ್ಲಿ ಸುಮಾರು ಜನರನ್ನು ಮಲಗಿಸುತ್ತಾನೆ, ಫ್ಯೂರಿಯನ್ನಲ್ಲ. ಎಪ್ಪತ್ಮೂರರ ಫೋರ್‌ಮನ್ ಎದುರು ವೈಲ್ಡರ್ ನಾಲ್ಕು ರೌಂಡ್ ನಿಲ್ಲಲ್ಲ. ಅಲಿ ಮತ್ತು ಉಸಿಕ್ ಆದರೆ, 12 ರೌಂಡಿಗೆ ಉಸಿಕ್, 15ಕ್ಕೆ ಅಲಿ. ಎಷ್ಟು ರೌಂಡಿನ ಪಂದ್ಯ ಇಡೋಣ, ನೀನೇ ಹೇಳು.

ನಿನ್ನ ಗೆಳೆಯ