ಮಳೆಕಾಡಿನ ಯೋಜನೆಗಳು: ನಷ್ಟದ ಲೆಕ್ಕ ಪೂರ್ತಿಯಾಗಲಿ

ಮಾನ್ಯ ಸಂಪಾದಕರೇ,

ಉಷ್ಣವಲಯದ ಮಳೆಕಾಡುಗಳಲ್ಲಿ ಹೆದ್ದಾರಿಗೋ ಅಣೆಕಟ್ಟಿಗೋ ಅನುಮತಿ ಕೊಡುವಾಗ, ಕಾಮಗಾರಿಗೆ ನೇರವಾಗಿ ಬೇಕಾಗುವ ನೆಲವನ್ನಷ್ಟೇ ಅಳೆದು, ಹೋಗುವ ಕಾಡು ಇಷ್ಟೇ ಎಂದು ದಾಖಲೆಗಳಲ್ಲಿ ತೋರಿಸುವುದು ರೂಢಿಯಾಗಿಬಿಟ್ಟಿದೆ. ಈ ಲೆಕ್ಕ ಎಷ್ಟು ಅಪೂರ್ಣವೆಂಬುದನ್ನು ಕಳೆದ ಅರ್ಧ ಶತಮಾನದ ಅನುಭವದ ಆಧಾರದಲ್ಲಿ ಓದುಗರ ಗಮನಕ್ಕೆ ತರಬಯಸುತ್ತೇನೆ.

ಮೊದಲು ರಸ್ತೆಯ ಮಾತು. ಬ್ರೆಜಿಲ್‌ನ ಅಮೆಜಾನ್ ಪ್ರದೇಶದಲ್ಲಿ ನಾಶವಾದ ಕಾಡಿನ ಸುಮಾರು ಶೇ 95ರಷ್ಟು ಭಾಗವು ರಸ್ತೆಯಿಂದ ಐದೂವರೆ ಕಿಲೋಮೀಟರ್ ಅಥವಾ ದೋಣಿ ಸಾಗುವ ನದಿಯಿಂದ ಒಂದು ಕಿಲೋಮೀಟರ್ ಒಳಗೇ ಇದೆಯೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಸರ್ಕಾರ ನಿರ್ಮಿಸಿದ ಪ್ರತಿ ಕಿಲೋಮೀಟರ್ ರಸ್ತೆಗೆ ಹತ್ತಿರಹತ್ತಿರ ಮೂರು ಕಿಲೋಮೀಟರ್ ಅನಧಿಕೃತ ದಾರಿಗಳು ಹುಟ್ಟಿಕೊಂಡಿದ್ದವೆಂಬುದೂ ಅದರಲ್ಲೇ ಇದೆ. ರೊಂಡೋನಿಯಾ ರಾಜ್ಯದಲ್ಲಿ 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಬಿಆರ್-364 ಹೆದ್ದಾರಿಗೆ ಡಾಂಬರು ಬಿದ್ದ ಮೇಲೆ ಭೂಮಿ ಅರಸಿ ಬಂದ ವಲಸಿಗರು, ಮರದ ವ್ಯಾಪಾರಿಗಳು, ದನದ ಹುಲ್ಲುಗಾವಲುಗಳು ಮತ್ತು ಮಲೇರಿಯಾ ಒಂದರ ಬೆನ್ನಿಗೊಂದು ಕಾಡಿನೊಳಗೆ ನುಗ್ಗಿದವು. ಪ್ರತಿಭಟನೆ ಜೋರಾದಾಗ 1985ರಲ್ಲಿ ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿಯಿತಾದರೂ ಆ ವೇಳೆಗೆ ರಸ್ತೆ ಸಿದ್ಧವಾಗಿತ್ತು.

ಅಣೆಕಟ್ಟುಗಳಲ್ಲಿ ಈ ದೋಷ ಇನ್ನೂ ಕ್ರೂರವಾಗಿ ಕಾಣುತ್ತದೆ. ಶಿಂಗು ನದಿಯ ಬೆಲೊ ಮೊಂಟೆ ಯೋಜನೆಯಿಂದ ಆದಿವಾಸಿಗಳ ಯಾವ ಪ್ರದೇಶವೂ ಮುಳುಗುವುದಿಲ್ಲ ಎಂದು ಬ್ರೆಜಿಲ್ ಸರ್ಕಾರ ಪದೇ ಪದೇ ಹೇಳಿತು. ಮುಳುಗಲಿಲ್ಲ, ನಿಜ. ಆದರೆ ನದಿಯ ಬಹುಪಾಲು ನೀರನ್ನು ಕಾಲುವೆಗೆ ತಿರುಗಿಸಿದ್ದರಿಂದ ಸುಮಾರು 100 ಕಿಲೋಮೀಟರ್ ಉದ್ದದ ನದಿಯ ತಿರುವು ಸೊರಗಿತು. ಮಳೆಗಾಲದಲ್ಲಿ ಜಲಾವೃತವಾಗುತ್ತಿದ್ದ ಕಾಡಿನಲ್ಲಿ ಮೊಟ್ಟೆಯಿಡುತ್ತಿದ್ದ, ಅಲ್ಲಿ ಉದುರುವ ಹಣ್ಣುಗಳನ್ನು ತಿಂದು ಬೆಳೆಯುತ್ತಿದ್ದ ಮೀನುಗಳಿಗೆ ನೆಲೆಯಿಲ್ಲದಂತಾಯಿತು. ಆ ಮೀನನ್ನೇ ನಂಬಿದ್ದ ಜುರುನಾ ಮತ್ತು ಅರಾರಾ ಜನರು ತಮ್ಮ ಊರುಗಳಲ್ಲೇ ಉಳಿದುಕೊಂಡು ಬದುಕಿನ ಆಧಾರವನ್ನು ಕಳೆದುಕೊಂಡರು. ಮುಳುಗಡೆಯೊಂದನ್ನೇ ನಷ್ಟವೆಂದು ಎಣಿಸಿದರೆ ಇಂಥವರು ಸಂತ್ರಸ್ತರ ಪಟ್ಟಿಗೇ ಬರುವುದಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಇದು ತಾಂತ್ರಿಕ ಲೋಪವಷ್ಟೇ ಅಲ್ಲ, ಅನ್ಯಾಯ.

ಮುಳುಗಿದ ಕಡೆಗಳಲ್ಲೂ ಲೆಕ್ಕ ಸರಿಹೋಗಿಲ್ಲ. ಬ್ರೆಜಿಲ್‌ನ ಮನಾವುಸ್ ನಗರಕ್ಕೆ ವಿದ್ಯುತ್ ಒದಗಿಸಲು 1980ರ ದಶಕದಲ್ಲಿ ಕಟ್ಟಿದ ಬಾಲ್ಬಿನಾ ಅಣೆಕಟ್ಟು ಕೇವಲ 250 ಮೆಗಾವಾಟ್ ಸಾಮರ್ಥ್ಯಕ್ಕಾಗಿ 2,300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಮುಳುಗಿಸಿತು. ನೀರಿನಡಿ ಕೊಳೆಯುವ ಮರಗಿಡಗಳಿಂದ ಭೂಮಿಯ ತಾಪ ಹೆಚ್ಚಿಸುವ ಮೀಥೇನ್ ಅನಿಲ ಹೊಮ್ಮುವುದರಿಂದ ಇದನ್ನು ಶುದ್ಧ ಇಂಧನವೆನ್ನುವುದೂ ಕಷ್ಟ. ಮಲೇಷ್ಯಾದ ಸರಾವಾಕ್‌ನಲ್ಲಿ ಬಾಕುನ್ ಅಣೆಕಟ್ಟಿಗಾಗಿ ಸುಮಾರು 10,000 ಆದಿವಾಸಿಗಳನ್ನು ಎಬ್ಬಿಸಿ, ಕಾಡು, ನದಿಗಳ ಮೇಲೆ ಹರಡಿಕೊಂಡಿದ್ದ ಬದುಕಿಗೆ ಬದಲಾಗಿ ಕುಟುಂಬಕ್ಕೆ 3 ಎಕರೆಯಂತೆ ಜಮೀನು ಕೊಡಲಾಯಿತು. ಅದನ್ನು ಕಂಡಿದ್ದ ನೆರೆಯ ಬಾರಾಮ್ ನದಿ ತೀರದ ಜನರು ತಮ್ಮಲ್ಲಿ ಯೋಜಿಸಿದ್ದ ಅಣೆಕಟ್ಟಿನ ದಾರಿಗೆ ಅಡ್ಡಗಟ್ಟೆ ಹಾಕಿ ವರ್ಷಗಟ್ಟಲೆ ಕೂತರು. 2016ರಲ್ಲಿ ಸರ್ಕಾರ ಭೂಸ್ವಾಧೀನದ ಅಧಿಸೂಚನೆಯನ್ನು ಹಿಂಪಡೆಯಿತು.

ಕಾಡಿನಂಚಿನ ಜನರಿಗೆ ಆಸ್ಪತ್ರೆ ಬೇಡ, ವಿದ್ಯುತ್ ಬೇಡ, ರಸ್ತೆಯೇ ಬೇಡವೆಂದು ದೂರದಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಆದರೆ ಕೆಲಸಗಳ ಕ್ರಮ ಬದಲಾಗಬೇಕು. ಮನಾವುಸ್ ಮತ್ತು ಪೋರ್ಟೊ ವೆಲ್ಯೊ ನಗರಗಳ ನಡುವಿನ ಬಿಆರ್-319 ಹೆದ್ದಾರಿಯ ಸುಮಾರು 400 ಕಿಲೋಮೀಟರ್ ಮಧ್ಯಭಾಗ 1980ರ ದಶಕದ ಕೊನೆಯಿಂದ ಹಾಳುಬಿದ್ದಿದ್ದು, ಅದಕ್ಕೆ ಮತ್ತೆ ಡಾಂಬರು ಹಾಕುವ ಒತ್ತಡ ಬಲವಾಗಿದೆ. ಅಲ್ಲಿ ಯಂತ್ರಗಳು ಇಳಿಯುವ ಮುನ್ನವೇ ಆದಿವಾಸಿಗಳ ಭೂಮಿಯ ಗಡಿ ಗುರುತಿಸಿ, ಅವರ ಒಪ್ಪಿಗೆ ಪಡೆದು, ಅರಣ್ಯ ಕಾವಲಿಗೆ ಸಿಬ್ಬಂದಿ ಮತ್ತು ಹಣವನ್ನು ಒದಗಿಸಿರಬೇಕು. ರಸ್ತೆಯಿಂದ ಒಳಕ್ಕೆ ಕವಲೊಡೆಯುವ ದಾರಿಗಳ ಪರಿಣಾಮವೂ ಮೌಲ್ಯಮಾಪನದಲ್ಲಿ ಸೇರಿರಬೇಕು. ಇವು ಆಗುವವರೆಗೆ ಸಾಲ ಕೊಡುವ ಸಂಸ್ಥೆಗಳು ಒಂದು ಕಂತನ್ನೂ ಬಿಡುಗಡೆ ಮಾಡಬಾರದು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ